ಒದ್ದೆ ಟೇಬಲ್ ಬಟ್ಟೆ

ಹೋದ ಫೆಬ್ರವರಿಯಲ್ಲಿ ನಮ್ಮ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರೊಬ್ಬರು ನಿವೃತ್ತರಾದರು. ಬೀಳ್ಕೊಡುಗೆಯ ಊಟವನ್ನು ಹುಸೇನ್ ಸಾಗರದ ಮೇಲೆ, ಒಂದು ದೊಡ್ಡ ಲಾಂಚಿನಲ್ಲಿ ಇಟ್ಟುಕೊಂಡಿದ್ದೆವು. ಮಧ್ಯಾಹ್ನದ ಹೊತ್ತು, ಒಳ್ಳೆಯ ಗಾಳಿ. ಇಪ್ಪತ್ತು ಜನ ಉದ್ದನೆಯ ಮೇಜಿಗೆ ಕೂತು ಪಪ್ಪು ಅನ್ನ ಕಲಸುತ್ತಿದ್ದಾಗ ಪಕ್ಕದಲ್ಲೇ ಒಂದು ಸ್ಪೀಡ್ ಬೋಟ್ ಹಾದುಹೋಯಿತು. ಅದರ ಅಲೆಗೆ ನಮ್ಮ ಲಾಂಚು ವಾಲಿತು. ಮೇಜಿನ ಮೇಲಿದ್ದ ತಟ್ಟೆಗಳೆಲ್ಲ ಯಾರೋ ಕರೆದ ಹಾಗೆ ಒಟ್ಟಿಗೆ ಎಡಕ್ಕೆ ಜಾರಿದವು. ನಿವೃತ್ತರಾದವರ ಬಿಳಿ ಪ್ಯಾಂಟಿನ ಮೇಲೆ ಗೋಂಗೂರ ಚಟ್ನಿ ಬಿತ್ತು. ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ. ನನ್ನೆದುರಿಗೆ ಸ್ವಲ್ಪ ಹೊತ್ತಿನ ಮುಂಚೆ ನೀರಿನ ಜಗ್ಗೊಂದು ಉರುಳಿ ಮೇಜಿನ ಬಟ್ಟೆ ಅಷ್ಟು ಭಾಗ ತೋಯ್ದಿತ್ತು. ಆ ಒದ್ದೆಯ ಮೇಲಿದ್ದ ಎರಡು ತಟ್ಟೆಗಳು ಮಾತ್ರ ಕದಲಿರಲಿಲ್ಲ. ನಾನು ಅವನ್ನೇ ನೋಡುತ್ತ ಕೂತೆ. ಆಮೇಲೆ ಬಡಿಸುವವನನ್ನು ಕರೆದು, ಬಟ್ಟೆಗೆಲ್ಲ ನೀರು ಚಿಮುಕಿಸು, ತಟ್ಟೆ ಜಾರುವುದಿಲ್ಲ ಎಂದು ತೆಲುಗಿನಲ್ಲಿ ಹೇಳಿದೆ. ಅವನು ಅನುಮಾನದಿಂದಲೇ ಚಿಮುಕಿಸಿದ. ಮುಂದಿನ ಅಲೆಗೆ ಒಂದು ತಟ್ಟೆಯೂ ಅಲುಗಲಿಲ್ಲ.

"ಮೀಕು ಎಲಾ ತೆಲುಸು ಸಾರ್?" ಎಂದರು ಪಕ್ಕದಲ್ಲಿದ್ದವರು. ನಿಮಗೆ ಹೇಗೆ ಗೊತ್ತು?

"ಎಕ್ಕಡೋ ಚದಿವಾನು" ಎಂದೆ. ಎಲ್ಲೋ ಓದಿದ್ದೆ.

ಅದು ಸುಳ್ಳು. ಎಂಥ ಸುಳ್ಳು ಎಂಬುದು ನನಗೇ ತಿಳಿಯಲು ಇನ್ನೂ ಎರಡು ದಿನ ಬೇಕಾಯಿತು.

ಒದ್ದೆ ಬಟ್ಟೆಯನ್ನು ನಾನು ನೋಡಿದ್ದು ಒಬ್ಬರ ಮನೆಯಲ್ಲಿ. ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ನಮ್ಮದೇ ಎಂಟನೆಯ ಮಹಡಿಯಲ್ಲಿ, ಎದುರು ಬಾಗಿಲು. ವಿಜಯಪುರದ ಕಡೆಯವರು. ಸಿಕಂದರಾಬಾದಿನಲ್ಲಿ ರೈಲ್ವೆಯ ಊಟದ ವಿಭಾಗದಲ್ಲಿದ್ದು ನಿವೃತ್ತರಾದವರು. ಅವರಿಗೆ ಹೆಸರಿತ್ತು, ಆದರೆ ಕಟ್ಟಡದ ಕನ್ನಡದವರೆಲ್ಲ ಅವರನ್ನು 'ಸ್ಟೀಮರ್ ಕಾಕಾ' ಎನ್ನುತ್ತಿದ್ದರು. ಆ ಹೆಸರನ್ನು ಇಟ್ಟವನು ನಾನೇ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನನಗೆ ನೆನಪಿಲ್ಲ. ಇರಬಹುದು.

ನೋಡಲು ಸಣ್ಣ ಆಳು. ಎರಡೂ ಪಾದಗಳ ನಡುವೆ ಒಂದು ಗೇಣು ಬಿಟ್ಟು ನಡೆಯುತ್ತಿದ್ದರು, ಗಟ್ಟಿ ನೆಲದ ಮೇಲೂ. ಕೂತವರಿಗೆ ಎಂದೂ ಬೆನ್ನು ತಿರುಗಿಸುತ್ತಿರಲಿಲ್ಲ, ಎರಡು ಹೆಜ್ಜೆ ಹಿಂದಕ್ಕೆ ಸರಿದು ಆಮೇಲೆ ಹೊರಳುತ್ತಿದ್ದರು. ಅವರ ಮನೆಯಲ್ಲಿ ಚಹಾದ ಕಪ್ಪು ಎಂದೂ ತುಂಬಿ ಬರುತ್ತಿರಲಿಲ್ಲ. ಎರಡು ಬೆರಳು ಕಡಿಮೆ. ಮುಗಿದ ಕೂಡಲೇ ಇನ್ನಷ್ಟು ಬರುತ್ತಿತ್ತು. ಊಟಕ್ಕೆ ಕರೆದರೆ, ತಟ್ಟೆ ಇಡುವ ಮುಂಚೆ ಒಂದು ತಂಬಿಗೆಯಿಂದ ಟೇಬಲ್ ಬಟ್ಟೆಗೆ ನೀರು ಚಿಮುಕಿಸಿ ಅಂಗೈಯಿಂದ ಸವರುತ್ತಿದ್ದರು. ನಮ್ಮ ಮೊಣಕೈ, ಅಂಗಿಯ ತೋಳು ಎಲ್ಲ ತಣ್ಣಗೆ ತೋಯುತ್ತಿದ್ದವು. ಬಾಳೆಲೆಗೆ ನೀರು ಚಿಮುಕಿಸುವ ರೂಢಿ ಮೇಜಿಗೆ ಬಂದಾಗ ಪಡೆಯುವ ರೂಪ ಇದು ಎಂದು ನಾನು ಸ್ನೇಹಿತರಿಗೆ ವಿವರಿಸಿದ್ದುಂಟು. ಒಂದು ಸೆಮಿನಾರಿನಲ್ಲಿ ಉದಾಹರಣೆಯಾಗಿಯೂ ಬಳಸಿದ್ದೆ. ನಾನು ಇತಿಹಾಸ ಓದಿದವನು, ಓದಿಸುವವನು. ಯಾವ ಮಾತು ಕಿವಿಗೆ ಬಿದ್ದರೂ ಮೂರು ಪ್ರಶ್ನೆ ಕೇಳಬೇಕೆಂದು ನಮಗೆ ಯೂನಿವರ್ಸಿಟಿಯಲ್ಲಿ ಕಲಿಸಿದ್ದರು: ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಹೇಳಿದ್ದರಿಂದ ಅವರಿಗೆ ಏನು ಲಾಭ. ನನ್ನ ವಿವರಣೆಗಳಿಗೆ ಈ ಪ್ರಶ್ನೆಗಳನ್ನು ಕೇಳಿಕೊಂಡ ನೆನಪಿಲ್ಲ.

ಕಾಕಾ ಹೇಳುತ್ತಿದ್ದುದು ಇಷ್ಟು. ಹತ್ತೊಂಬತ್ತನೆಯ ವಯಸ್ಸಿಗೆ ಅವರು ವಾಡಿ ಜಂಕ್ಷನ್ನಿನ ಊಟದ ಕೋಣೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿನ ಮ್ಯಾನೇಜರಿಗೆ ಬಿಹಾರಕ್ಕೆ ವರ್ಗವಾದಾಗ ಇವರನ್ನೂ ಕರೆದುಕೊಂಡು ಹೋದ. ಪಾಟ್ನಾದ ಹತ್ತಿರ ಗಂಗೆಗೆ ಆಗ ಸೇತುವೆ ಇರಲಿಲ್ಲ. ರೈಲು ಈ ದಂಡೆಗೆ ಬಂದು ನಿಲ್ಲುತ್ತಿತ್ತು, ಪ್ರಯಾಣಿಕರು ಇಳಿದು ರೈಲ್ವೆಯವರದೇ ಸ್ಟೀಮರ್ ಹತ್ತುತ್ತಿದ್ದರು, ಆ ದಂಡೆಯಲ್ಲಿ ಇನ್ನೊಂದು ರೈಲು ಕಾಯುತ್ತಿತ್ತು. ಸ್ಟೀಮರಿನ ಮೇಲಂತಸ್ತಿನಲ್ಲಿ ಫಸ್ಟ್ ಕ್ಲಾಸಿನವರಿಗೆ ಊಟದ ಕೋಣೆ. ಬಿಳಿ ಬಟ್ಟೆ ಹಾಸಿದ ಎಂಟು ಮೇಜು, ಪಿಂಗಾಣಿ ತಟ್ಟೆ, ಹೊರಗೆ ಹೊಗೆ, ಕೆಳಗೆ ನೀರು ಬಡಿಯುವ ಚಕ್ರದ ಸದ್ದು. ಅಲ್ಲಿ ಇವರು ಹದಿನಾಲ್ಕು ವರ್ಷ ಬಡಿಸಿದರು.

"ಸೂಪ್ ಇಡೂದ್ರಾಗ ಈ ದಂಡಿ ಬಿಟ್ಟಿರಬೇಕು, ಕಸ್ಟರ್ಡ್ ಇಡೂದ್ರಾಗ ಆ ದಂಡಿ ಕಾಣಬೇಕು. ನಮ್ಮ ಗಡಿಯಾರ ಅಂದ್ರ ಅದ ನೋಡ್ರಿ" ಎನ್ನುತ್ತಿದ್ದರು.

ಮನೆಯಲ್ಲಿ ಸೋಮವಾರ ಉಳ್ಳಾಗಡ್ಡಿಯನ್ನೂ ಮುಟ್ಟದವರು ಅಲ್ಲಿ ಕೋಳಿ ಸಾರು, ಮೀನು ಬಡಿಸಿದರು. ಒಂದು ದಿನವೂ ರುಚಿ ನೋಡಲಿಲ್ಲವಂತೆ. ಹಾಗಾದರೆ ಅಡುಗೆ ಸರಿಯಾಗಿದೆಯೋ ಇಲ್ಲವೋ ಹೇಗೆ ತಿಳಿಯುತ್ತಿತ್ತು ಎಂದು ನಾನು ಒಮ್ಮೆ ಕೇಳಿದೆ. ಪರೀಕ್ಷೆ ಮಾಡುವ ಧಾಟಿಯಲ್ಲೇ ಕೇಳಿದೆ.

"ಬಡಸೋರ ಕಣ್ಣು ತಿನ್ನೋರ ಮಾರಿ ಮ್ಯಾಲೆ ಇರಬಾರದ್ರಿ ಸರ, ಕೈ ಮ್ಯಾಲೆ ಇರಬೇಕು. ಎರಡನೇ ತುತ್ತಿಗೇ ನೀರಿನ ಗ್ಲಾಸಿಗೆ ಕೈ ಹೋತು ಅಂದ್ರ ಉಪ್ಪು ಜಾಸ್ತಿ ಬಿದ್ದೈತಿ ಅಂತ ತಿಳಕೊಳ್ಳೂದು. ಒಳಗ ಹೋಗಿ ಹೇಳೂದು."

ಮನೆಯಲ್ಲೂ ಅದೇ ಅಭ್ಯಾಸ. ನಾವು ಊಟಕ್ಕೆ ಕೂತರೆ ನಮ್ಮ ಕೈಯನ್ನೇ ನೋಡುತ್ತ ನಿಂತು, ಅಡುಗೆಮನೆಯ ಕಡೆ ತಿರುಗಿ, "ಏ, ಇವತ್ತ ಸಾರಿಗೆ ಉಪ್ಪು ಹೆಚ್ಚಾಗೇತಿ ನೋಡ" ಎನ್ನುತ್ತಿದ್ದರು. ಒಳಗಿನಿಂದ ಅವರ ಹೆಂಡತಿ, ನಾವು ಕಾಕು ಎನ್ನುತ್ತಿದ್ದೆವು, ಉತ್ತರ ಕೊಡುತ್ತಿದ್ದರು: "ಇದೇನ್ ನಿಮ್ಮ ಹಡಗಲ್ಲ. ಸುಮ್ಮ ಕೂಡ್ರಿ."

ಕಾಕು ಆ ಹಡಗನ್ನು ನಂಬಿರಲಿಲ್ಲ. ಅದಕ್ಕೆ ಕಾರಣವನ್ನು ಕಾಕಾ ಅವರೇ ಮಾಡಿಟ್ಟಿದ್ದರು. ಕೋಳಿ ಸಾರು ಬಡಿಸುವ ಕೆಲಸ ಎಂದು ಊರಲ್ಲಿ ಗೊತ್ತಾದರೆ ತಂದೆ ಹೊಸ್ತಿಲು ತುಳಿಯಲು ಬಿಡುವುದಿಲ್ಲವೆಂದು, ತಾನು ಟಿಕೆಟ್ ಕಲೆಕ್ಟರ್ ಎಂದು ಹೇಳಿದ್ದರು. ಮದುವೆಯೂ ಟಿಕೆಟ್ ಕಲೆಕ್ಟರ್ ಎಂದೇ ಆಯಿತು. ಹೆಂಡತಿ ಊರಲ್ಲಿ, ಇವರು ವರ್ಷಕ್ಕೊಮ್ಮೆ ರಜೆಗೆ ಬರುವುದು. ತಂದೆ ತೀರಿಕೊಂಡ ಮೇಲೆ ನಿಜ ಹೇಳಿದರು. ಒಮ್ಮೆ ಸುಳ್ಳು ಹೇಳಿದವನ ಎರಡನೆಯ ಮಾತು ನಿಜವೆಂದು ಹೇಗೆ ನಂಬುವುದು? ಎಲ್ಲೋ ತಟ್ಟೆ ತೊಳೆದುಕೊಂಡಿದ್ದು ಈಗ ಹಡಗು, ಪಿಂಗಾಣಿ ಅನ್ನುತ್ತಾರೆ ಎಂದು ಕಾಕು ತೀರ್ಮಾನಿಸಿದ್ದರು. ಸಿಟ್ಟಿನಿಂದಲ್ಲ, ನಗುತ್ತಲೇ. ಮಗಳೂ ಅಳಿಯನೂ ಆ ನಗುವನ್ನು ಕಲಿತಿದ್ದರು.

ಏಳೆಂಟು ವರ್ಷದ ಹಿಂದೆ ನಮ್ಮ ಕನ್ನಡದವರ ಒಂದು ಸಂಘ ಸ್ಮರಣ ಸಂಚಿಕೆ ತರಲು ಹೊರಟಿತು. ಹೈದರಾಬಾದಿಗೆ ಬಂದು ನೆಲೆಸಿದ ಹಿರಿಯರ ನೆನಪುಗಳ ಸಂಗ್ರಹ. ನಾನು ಸಂಪಾದಕ. ಒಂದು ದಿನ ಲಿಫ್ಟಿನಲ್ಲಿ ಕಾಕಾ ಸಿಕ್ಕರು.

"ಸರ, ನಂದೂ ಒಂದ ಪುಟ ಹಾಕ್ತೀರೇನು? ಭಾಳ ಬ್ಯಾಡ, ಒಂದ ಪುಟ ಸಾಕು. ಅಚ್ಚಿನ್ಯಾಗ ಬಂತಂದ್ರ ನಮ್ಮನ್ಯಾಕಿ ನಂಬತಾಳ."

ಬರೆದು ಕೊಡಿ ಎಂದೆ. ನಾಲ್ಕು ಪುಟ ಬರೆದುಕೊಟ್ಟರು, ಗೆರೆ ಹಾಕಿದ ಉದ್ದನೆಯ ಹಾಳೆಯಲ್ಲಿ, ದುಂಡಗಿನ ಅಕ್ಷರ. ಎರಡನೆಯ ಪುಟದಲ್ಲಿ ಒಂದು ಮಾತಿತ್ತು. ಬೇಸಿಗೆಯಲ್ಲಿ ನದಿ ದಾಟಲು ಬಹಳ ಹೊತ್ತು ಹಿಡಿಯುತ್ತಿದ್ದುದರಿಂದ ಊಟಕ್ಕೆ ಐದು ಬಗೆ, ಮಳೆಗಾಲದಲ್ಲಿ ಬೇಗ ದಾಟುತ್ತಿದ್ದುದರಿಂದ ಕಟ್ಲೆಟ್ಟು, ಚಹಾ ಅಷ್ಟೇ. ಪ್ರತಿ ದಿನ ಬೆಳಿಗ್ಗೆ ಸ್ಟೀಮರ್ ನಡೆಸುವ ಸಾರಂಗನನ್ನು ಕೇಳಿಕೊಂಡೇ ಅಡುಗೆಯವನು ಒಲೆ ಹೊತ್ತಿಸುತ್ತಿದ್ದ. ನಾನು ಅಲ್ಲೇ ನಿಂತೆ. ಮಳೆಗಾಲದಲ್ಲಿ ನದಿ ತುಂಬಿ ಅಗಲವಾಗುತ್ತದೆ. ಬೇಸಿಗೆಯಲ್ಲಿ ಬತ್ತಿ ಕಿರಿದಾಗುತ್ತದೆ. ಅಗಲವಾದದ್ದನ್ನು ದಾಟಲು ಕಡಿಮೆ ಹೊತ್ತು, ಕಿರಿದಾದದ್ದಕ್ಕೆ ಹೆಚ್ಚು ಹೊತ್ತು? ಕಂಡವನು ಹೀಗೆ ಬರೆಯುವುದಿಲ್ಲ, ಕೇಳಿದವನು ತಿರುವುಮುರುವು ಮಾಡಿ ಬರೆಯುತ್ತಾನೆ ಎಂದುಕೊಂಡೆ. ಲೇಖನ ಸಂಚಿಕೆಗೆ ಹೋಗಲಿಲ್ಲ. ಮೂರು ವರ್ಷದ ನಂತರ ಕಾಕಾ ತೀರಿಕೊಂಡರು.

ಲೇಖನ ಹಾಕುವುದಿಲ್ಲವೆಂದು ಅವರಿಗೆ ಹೇಗೆ ತಿಳಿಸಿದೆ ಎಂಬುದು ನನ್ನ ನೆನಪಿನಲ್ಲಿ ಬಹಳ ಸ್ಪಷ್ಟವಾಗಿತ್ತು. ಸುಲ್ತಾನ್ ಬಜಾರಿನಲ್ಲಿ ಸಂಘದ ಸಣ್ಣ ಕೋಣೆ, ಎರಡು ಕಬ್ಬಿಣದ ಕುರ್ಚಿ, ಕೆಳಗೆ ಸೀರೆ ಮಾರುವವರ ಕೂಗು. ನಾವಿಬ್ಬರೇ. "ಕಾಕಾ, ಇದಕ್ಕ ಇನ್ನೊಂದು ಆಧಾರ ಸಿಕ್ರ ಮುಂದಿನ ಸಂಚಿಕೆಗೆ ಹಾಕೋಣ" ಎಂದೆ. ಅವರು ತಲೆ ಆಡಿಸಿದರು. ಚಹಾ ಕುಡಿದೆವು.

ಲಾಂಚಿನ ಊಟದಿಂದ ಬಂದ ಸಂಜೆ ಹೆಂಡತಿಗೆ ತಟ್ಟೆ ಜಾರಿದ ಕಥೆ ಹೇಳಿದೆ. ಕಾಕಾ ಬಟ್ಟೆ ತೋಯಿಸುತ್ತಿದ್ದುದು ಅದಕ್ಕೇ ಇರಬೇಕು ಎಂದೆ. ಅವಳು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು, ಕೈ ನಿಲ್ಲಿಸಿದಳು.

"ಪಾಪ, ಅವತ್ತ ಅವರಿಗೆ ಹಂಗ ಅನಬಾರದಿತ್ತು ನೀವು."

"ಏನಂದೆ? ಆಫೀಸಿನ್ಯಾಗ ಕೂಡಿಸಿಕೊಂಡು ಸಮಾಧಾನದಿಂದನ ಹೇಳೀನಿ."

"ಯಾವ ಆಫೀಸು? ಅವರ ಮನ್ಯಾಗ. ಊಟದ ಟೇಬಲ್ ಮ್ಯಾಲೆ. ಕಾಕು ಶೇಂಗಾ ಹೋಳಿಗಿ ಮಾಡಿದ್ರು, ನೀವು ಮೂರು ತಿಂದ್ರಿ. ಮಗಳು ಅಳಿಯ ಬಂದಿದ್ರು. ಲೇಖನ ಹೆಂಗೈತ್ರಿ ಸರ ಅಂತ ಕಾಕಾ ಎಲ್ಲಾರ ಮುಂದ ಕೇಳಿದ್ರು, ಭಾಳ ಆಸೇಲೆ. ನೀವು ನಕ್ಕೋತ, ಮಳಿಗಾಲದಾಗ ನದಿ ಅಗಲ ಆಗತೈತೋ ಬ್ಯಾಸಗ್ಯಾಗ ಅಗಲ ಆಗತೈತೋ ಮೊದಲ ಅದನ್ನ ಹೇಳ್ರಿ ಕಾಕಾ ಅಂದ್ರಿ."

"ಅಂದಿರಬಹುದು. ಕೆಟ್ಟ ಮಾತೇನಲ್ಲ ಅದು."

"ಮುಂದಿಂದ ಕೇಳ್ರಿ. ಅವರು, ಕೆಳಗ ಗೇಟಿನ್ಯಾಗ ವಾಚ್‌ಮನ್ ಅದಾನ, ಆ ಕಡೆಯವನ, ಸಣ್ಣವ ಇದ್ದಾಗ ಅದ ಸ್ಟೀಮರ್ ಹತ್ಯಾನಂತ, ಕರದು ಕೇಳೋಣೇನ್ರಿ ಅಂದ್ರು. ಎದ್ದೂ ನಿಂತ್ರು. ನೀವು ಏನಂದ್ರಿ? ಇತಿಹಾಸ ವಾಚ್‌ಮನ್‌ನ ಕೇಳಿ ಬರಿಯೂದಲ್ಲ ಕಾಕಾ, ಕೂಡ್ರಿ ಅಂದ್ರಿ. ಅಳಿಯ ನಕ್ಕ. ಮಗಳು ನಕ್ಕಳು. ಕಾಕುನೂ ನಕ್ರು. ನಾನೂ ನಕ್ಕೆ, ಸುಳ್ಳ್ಯಾಕ ಹೇಳ್ಲಿ."

ನಾನು ವಾದಿಸಿದೆ. ನೆನಪು ಅವಳದೂ ತಪ್ಪಿರಬಹುದು. ಎರಡು ಬೇರೆ ದಿನಗಳು ಬೆರೆತಿರಬಹುದು. ಆದರೆ ಒಂದು ವಿಷಯ ನನ್ನನ್ನು ಬಿಡಲಿಲ್ಲ. 'ಕೂಡ್ರಿ' ಎಂದು ನಾನು ಹೇಳುವ ಧಾಟಿ ನನಗೆ ಗೊತ್ತು. ಕ್ಲಾಸಿನಲ್ಲಿ ದಿನಕ್ಕೆ ನಾಲ್ಕು ಬಾರಿ ಹೇಳುತ್ತೇನೆ. ಅದನ್ನು ಅವಳು ಕಲ್ಪಿಸಿಕೊಳ್ಳಲಾರಳು. ಸುಲ್ತಾನ್ ಬಜಾರಿನ ಕೋಣೆ, ಕಬ್ಬಿಣದ ಕುರ್ಚಿ, ಸೀರೆಯವರ ಕೂಗು, ಇವನ್ನೆಲ್ಲ ನಾನು ಎಲ್ಲಿಂದ ತಂದೆ? ನನಗೆ ಅದರಿಂದ ಏನು ಲಾಭ? ಮೂರನೆಯ ಪ್ರಶ್ನೆಗೆ ಉತ್ತರ ತಕ್ಷಣ ಸಿಕ್ಕಿತು.

ಮರುದಿನ ಬೆಳಿಗ್ಗೆ ಲಿಫ್ಟಿನಲ್ಲಿ ಕೆಳಗಿಳಿದೆ. ಅದೇ ವಾಚ್‌ಮನ್ ಇನ್ನೂ ಇದ್ದಾನೆ. ಹತ್ತು ವರ್ಷದಿಂದ ನನಗೆ ಗೇಟು ತೆಗೆಯುತ್ತಿದ್ದಾನೆ. ಗೇಟು ತೆಗೆ, ಪಾರ್ಸೆಲ್ ಬಂತೇ ಎನ್ನುವುದು ಬಿಟ್ಟು ಬೇರೆ ಮಾತು ನಾನು ಅವನೊಡನೆ ಆಡಿದ್ದಿಲ್ಲ. ಚಿಕ್ಕವನಿದ್ದಾಗ ಗಂಗೆ ದಾಟಲು ಯಾವ ಕಾಲದಲ್ಲಿ ಹೆಚ್ಚು ಹೊತ್ತು ಹಿಡಿಯುತ್ತಿತ್ತು ಎಂದು ಹಿಂದಿಯಲ್ಲಿ ಕೇಳಿದೆ.

"ಗರ್ಮೀ ಮೇ ಸಾಬ್" ಎಂದ, ಇದನ್ನೂ ಕೇಳಬೇಕೇ ಎನ್ನುವ ಹಾಗೆ. ಬೇಸಿಗೆಯಲ್ಲಿ ನೀರು ಇಳಿದು ನದಿಯ ನಡುವೆ ಮರಳಿನ ದಿಬ್ಬಗಳು ಎದ್ದುಬಿಡುತ್ತವೆ. ಸ್ಟೀಮರ್ ನೇರ ಹೋದರೆ ಹೂತುಹೋಗುತ್ತದೆ. ಮೈಲಿಗಟ್ಟಲೆ ಸುತ್ತು ಹಾಕಿ, ಬಿದಿರು ಇಳಿಸಿ ಆಳ ಅಳೆಯುತ್ತ ಮೆಲ್ಲಗೆ ಹೋಗಬೇಕು. ಮಳೆಗಾಲದಲ್ಲಿ ಎಲ್ಲ ಕಡೆ ಆಳ, ನೇರ ಹೊಡೆಯುವುದೇ. ಬೆರಳಿನಿಂದ ಗೇಟಿನ ಧೂಳಿನ ಮೇಲೆ ಗೆರೆ ಎಳೆದು ತೋರಿಸಿದ. ಅವನು ಕೂತದ್ದು ಕೆಳಗಿನ ಡೆಕ್ಕಿನಲ್ಲಿ, ಅಮ್ಮ ಕಟ್ಟಿಕೊಟ್ಟ ‘ಸತ್ತೂ’ ಎಂಬ ಹುರಿಗಡಲೆ ಹಿಟ್ಟು ತಿನ್ನುತ್ತ. ಮೇಲಿನಿಂದ ಕೋಳಿ ಸಾರಿನ ವಾಸನೆ ಬರುತ್ತಿತ್ತಂತೆ.

"ಕಾಕಾ ಜೀ ನನ್ನನ್ನು ಕೇಳುತ್ತಿದ್ದರು" ಎಂದ. "ಆ ವಾಸನೆಯಲ್ಲಿ ಉಪ್ಪು ಸರಿಯಾಗಿತ್ತೇನೋ ಎಂದು. ಇಬ್ಬರೂ ನಗುತ್ತಿದ್ದೆವು. ಆಮೇಲೆ ಯಾಕೋ ಅವರು ಆ ಮಾತು ತೆಗೆಯುವುದು ಬಿಟ್ಟರು."

ಸಂಚಿಕೆಯ ಹಳೆಯ ಕಡತ ಹುಡುಕಲು ಇನ್ನೊಂದು ದಿನ ಹಿಡಿಯಿತು. ನಾಲ್ಕು ಹಾಳೆ ಹಾಗೇ ಇದ್ದವು. ಎರಡನೆಯ ಪುಟದ ಅಂಚಿನಲ್ಲಿ ನನ್ನ ಕೆಂಪು ಪೆನ್ನಿನ ಗೆರೆ, ಪ್ರಶ್ನೆಯ ಗುರುತು. ಮೂರು ಮತ್ತು ನಾಲ್ಕನೆಯ ಪುಟಗಳಲ್ಲಿ ಒಂದು ಗುರುತೂ ಇಲ್ಲ. ಅವನ್ನು ನಾನು ಓದಿಯೇ ಇರಲಿಲ್ಲ. ಮೂರನೆಯ ಪುಟದ ನಡುವೆ ಹೀಗಿತ್ತು:

"ನದಿಯಲ್ಲಿ ಅಲೆ ಬಂದರೆ ತಟ್ಟೆ ಜಾರುವವು. ಅದಕ್ಕೆ ಮೇಜಿನ ಬಟ್ಟೆಯನ್ನು ನೀರಿನಿಂದ ತೋಯಿಸಿ ಅಂಗೈಯಿಂದ ಸವರಬೇಕು. ಈ ಕೆಲಸ ನಾನು ಮೊದಲ ದಿನವೇ ಕಲಿತೆನು. ಈಗಲೂ ಮನೆಯಲ್ಲಿ ಮಾಡುವೆನು. ಮಾಡದೆ ತಟ್ಟೆ ಇಡಲು ಕೈ ಬರುವುದಿಲ್ಲ."

ಎಲ್ಲೋ ಓದಿದ್ದೆ ಎಂದು ಲಾಂಚಿನಲ್ಲಿ ಹೇಳಿದ್ದೆನಲ್ಲ. ಓದಲು ಕೊಟ್ಟಿದ್ದರು. ಆಧಾರ ಬೇಕೆಂದು ಕೇಳಿದವನ ಮೊಣಕೈಯನ್ನು ಆ ಆಧಾರ ಎಷ್ಟು ಬಾರಿ ತೋಯಿಸಿತ್ತೋ. ಶೇಂಗಾ ಹೋಳಿಗೆಯ ಆ ಊಟದ ನಂತರವೂ ನಾವು ಒಂದೆರಡು ಸಲ ಅವರ ಮನೆಗೆ ಹೋಗಿದ್ದೆವು. ಮೇಜಿನ ಮೇಲೆ ದ್ರಾಕ್ಷಿ ಗೊಂಚಲಿನ ಚಿತ್ರವಿದ್ದ ಪ್ಲಾಸ್ಟಿಕ್ ಹಾಳೆ ಬಂದಿತ್ತು, ಒಣಗಿತ್ತು. ಸದ್ಯ, ಅಂಗಿ ತೋಯುವುದು ತಪ್ಪಿತು ಎಂದು ನನಗೆ ಹಾಯೆನಿಸಿತ್ತು. ಇದು ಮಾತ್ರ ಸರಿಯಾಗಿ ನೆನಪಿದೆ.

ಕಾಕು ಈಗ ಮಣಿಕೊಂಡದಲ್ಲಿ ಮಗಳ ಮನೆಯಲ್ಲಿದ್ದಾರೆ. ಭಾನುವಾರ ಹಾಳೆಗಳನ್ನು ಹಿಡಿದುಕೊಂಡು ಹೋದೆ. ಮಗಳು ಅಳಿಯ ಹೊರಗೆ ಹೋಗಿದ್ದರು. ಕಾಕು ಒಬ್ಬರೇ ಬಾಲ್ಕನಿಯಲ್ಲಿ ಸಂಡಿಗೆ ತಿರುವಿಹಾಕುತ್ತಿದ್ದರು.

"ಕಾಕು, ಕಾಕಾ ಹೇಳಿದ್ದು ಖರೇ ಇತ್ತು. ಆ ಸ್ಟೀಮರಿನ ಸುದ್ದಿ. ತಪ್ಪು ನಂದು."

"ಯಾವುದ್ರಿ ಸರ?" ಎಂದರು, ಗೊತ್ತಿದ್ದೂ. ಪೂರ್ತಿ ಹೇಳಿಸಿದರು. ನದಿ, ಮರಳು, ಸುತ್ತು, ವಾಚ್‌ಮನ್. ನಾನು ಹೇಳಿ ಮುಗಿಸುವವರೆಗೆ ಸಂಡಿಗೆಯ ತಟ್ಟೆಯಿಂದ ಕಣ್ಣು ಎತ್ತಲಿಲ್ಲ.

"ನೀವು ಹೋದಮ್ಯಾಲೆ ಅವತ್ತ ನಾನ ಅವರಿಗೆ ಅಂದೆ. ಮಾಸ್ತರ ಓದಿದವರು, ಅವರ ಇಲ್ಲ ಅಂದ್ರು ಅಂದ್ರ ಮುಗೀತು. ಇನ್ನ ಆ ಹಡಗಿನ ಸುದ್ದಿ ತಗೀಬ್ಯಾಡ್ರಿ, ಅಳಿಯನ ಮುಂದ ಮರ್ಯಾದಿ ಹೋಗತೈತಿ ಅಂದೆ." ಒಂದು ಸಂಡಿಗೆಯನ್ನು ತಿರುವಿಹಾಕಿದರು. "ತಗೀಲಿಲ್ಲರಿ. ಮೂರ ವರ್ಷ ಇದ್ರು. ಒಮ್ಮಿನೂ ತಗೀಲಿಲ್ಲ."

ಕ್ಷಮೆ ಕೇಳಬೇಕೆಂದು ದಾರಿಯಲ್ಲಿ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಅದರ ಬದಲು ಹಾಳೆಗಳನ್ನು ಓದಲೇ ಎಂದು ಕೇಳಿದೆ. ಓದ್ರಿ ಎಂದರು. ನಾಲ್ಕೂ ಪುಟ ಓದಿದೆ. ಕೊನೆಯ ಸಾಲು ಹೀಗಿತ್ತು: "ಸಂಪಾದಕರು ದಯವಿಟ್ಟು ಎರಡು ಪ್ರತಿ ಕೊಡಬೇಕು. ಒಂದು ನಮ್ಮ ಮನೆಯವರಿಗೆ."

ಕಾಕು ಸೆರಗಿನಿಂದ ಕೈ ಒರೆಸಿಕೊಂಡು ಹಾಳೆಗಳನ್ನು ಈಸಿಕೊಂಡರು. ಅವರಿಗೆ ಓದಲು ಬರುತ್ತದೆ, ಆದರೆ ಓದಲಿಲ್ಲ. ಮೊದಲ ಪುಟದ ಮೇಲೆ ಅಂಗೈ ಇಟ್ಟು ಒಮ್ಮೆ ಸವರಿ, ಮಡಚಿ ಒಳಗೆ ತೆಗೆದುಕೊಂಡು ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ತಟ್ಟೆ ಇತ್ತು.

"ಊಟ ಮಾಡಿ ಹೋಗ್ರಿ. ಹೊತ್ತಾಗೇತಿ."

ಮಗಳ ಮನೆಯದು ಗಾಜಿನ ಮೇಜು, ಬಟ್ಟೆಯಿಲ್ಲ. ರೊಟ್ಟಿ, ಎಣ್ಣಿಗಾಯಿ, ಮೊಸರು ಬಡಿಸಿ ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತರು. ಒಂದು ತುತ್ತು ಹೇಗೋ ಇಳಿಯಿತು. ಎರಡನೆಯ ತುತ್ತಿಗೇ ನಾನು ನೀರಿನ ಗ್ಲಾಸಿಗೆ ಕೈ ಹಾಕಿದೆ.

ಕಾಕು ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು.

"ಉಪ್ಪು ಜಾಸ್ತಿ ಆತೇನ್ರಿ?" ಎಂದರು.

"ಇಲ್ಲ ಕಾಕು" ಎಂದೆ. "ಉಪ್ಪು ಬರೋಬ್ಬರಿ ಐತಿ."